ಅಕ್ಕನ ಕೋಣೆ ಕಟ್ಟಿದ್ದು

ಮನೆ ಕಟ್ಟಿ ನೋಡು ಎಂದು ಹೇಳಿದವರು ಯಾರೋ, ಆ ಮಾತು ನಮ್ಮ ಮಾವನವರ ಕಿವಿಗೆ ಬೀಳಬಾರದಿತ್ತು. ಹೊಸಪೇಟೆಯಲ್ಲಿ ಅವರದು ಅಕ್ಕಿ ಅಂಗಡಿ. ಆದರೆ ಕೈಗೆ ಗಾರೆ ಮೆತ್ತುವ ಕರಣಿ ಬಂದರೆ ತಕ್ಕಡಿಯನ್ನು ಮರೆತುಬಿಡುತ್ತಿದ್ದರು. ಅವರ ಮಗ, ಅಂದರೆ ನಮ್ಮವರು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಪ್ಪನಿಗೆ ತಕ್ಕ ಮಗ. ಇಬ್ಬರೂ ಸೇರಿ ಏನನ್ನಾದರೂ ಕಟ್ಟಲು ನಿಂತರೆಂದರೆ ಮನೆಯಲ್ಲಿ ಒಂದಲ್ಲ ಒಂದು ಪ್ರಸಂಗ ನಡೆಯದೆ ಹೊತ್ತು ಮುಳುಗುತ್ತಿರಲಿಲ್ಲ.

ಆಗ ನಮ್ಮ ಕಡೆ ಮದ್ರಾಸಿನವರ ಆಡಳಿತ. ನಾನು ಸಂಡೂರಿನಿಂದ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಬೇಸಿಗೆಯಲ್ಲಿ ಮಾವನವರು ತಮ್ಮ ಅಕ್ಕನನ್ನು ಕಂಪ್ಲಿಯಿಂದ ಕರೆದುಕೊಂಡು ಬಂದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮೈದುನನ ಮನೆಯಲ್ಲಿ ಮೂರು ಹೊತ್ತೂ ಒಲೆ ಊದಿ, ಜೋಳದ ಚೀಲಗಳ ಸಂದಿಯಲ್ಲಿ ಮಲಗುತ್ತಿದ್ದ ಜೀವ ಅದು. ಯಾವುದೋ ಕೆಲಸಕ್ಕೆ ಹೋಗಿದ್ದ ಮಾವನವರ ಕಣ್ಣಿಗೆ ಆ ಸಂದಿ ಬಿದ್ದಿತ್ತು. ಅಲ್ಲೇ ಗಾಡಿ ಹೂಡಿಸಿಬಿಟ್ಟಿದ್ದರು.

ಬಂದ ದಿನವೇ ಅಕ್ಕ, "ಮಳಿ ಬೀಳೂತನಕ ಇರ್ತೀನಪ್ಪಾ. ಆಮ್ಯಾಲೆ ಹೋಗಬೇಕು. ಅಲ್ಲಿ ಅಡಿಗಿ ಮಾಡೋರಿಲ್ಲ," ಅಂದರು.

ಮಾವನವರು ಹಿತ್ತಲಿಗೆ ಹೋಗಿ ಹಗ್ಗ ಹಿಡಿದು ಗುರುತು ಹಾಕತೊಡಗಿದರು. ತನ್ನದು ಅಂತ ಒಂದು ಕೋಣೆ ಎದ್ದರೆ ಅಕ್ಕ ಇಲ್ಲೇ ಉಳಿದಾಳು ಎಂಬ ಆಸೆ ಅವರದು. ನನಗೂ ಅದೇ ಆಸೆ. ಅಕ್ಕ ಬಂದ ಮೇಲೆ ಅತ್ತೆಯಿಲ್ಲದ ಆ ಮನೆಯಲ್ಲಿ ನನಗೂ ಒಬ್ಬ ತಾಯಿ ಸಿಕ್ಕ ಹಾಗಾಗಿತ್ತು.

ಕಲ್ಲು

ಬುನಾದಿಗೆ ಮೊದಲ ಗಾಡಿ ಕಲ್ಲು ಬಂತು. ಇಳಿಸುತ್ತಾ ನೋಡಿದರೆ ಒಂದು ಕಲ್ಲಿನ ಮೇಲೆ ಹನುಮಪ್ಪ ಕೈಮುಗಿದು ನಿಂತಿದ್ದಾನೆ!

"ಇದನ್ನ ಎಲ್ಲಿಂದ ತಂದ್ಯೋ?" ಎಂದು ಮಾವನವರು ಗಾಡಿಯವನನ್ನು ಕೇಳಿದರು.

"ದಾರ್ಯಾಗ ಬಿದ್ದಿತ್ರಿ. ಹಂಪಿ ಕಡೆ ಇಂಥವು ರಗಡ ಅದಾವ್ರಿ."

ಅಷ್ಟರಲ್ಲಿ ಅಕ್ಕ ಕಲ್ಲಿಗೆ ನೀರೆರೆದು, ಕುಂಕುಮ ಹಚ್ಚಿ, ದಾಸವಾಳ ಏರಿಸಿ ಆಗಿತ್ತು. ಇನ್ನು ಅದನ್ನು ಬುನಾದಿಯಲ್ಲಿ ಹೂಳುವವರು ಯಾರು? ಮರುದಿನ ಓಣಿಯ ಹೆಂಗಸರೆಲ್ಲ ತೆಂಗಿನಕಾಯಿ ಹಿಡಿದುಕೊಂಡು ಬಂದು ನಮ್ಮ ಕಲ್ಲಿನ ರಾಶಿಗೆ ಪ್ರದಕ್ಷಿಣೆ ಹಾಕತೊಡಗಿದರು. ಕರಣಿ ಹಿಡಿದು ನಿಂತ ಮಾವನವರಿಗೆ ಒಬ್ಬಾಕೆ ತೀರ್ಥ ಕೇಳಿದಳು. ಕೆಲಸ ನಿಂತೇ ಹೋಯಿತು.

ಕೊನೆಗೆ ಮಾವನವರು ಗಾಡಿಯವನನ್ನು ಕರೆಸಿ, "ದೇವರನ್ನ ಎಲ್ಲಿಂದ ಎತ್ತಿದ್ಯೋ ಅಲ್ಲೇ ಕೈಮುಗಿದು ಇಟ್ಟು ಬಾ," ಎಂದು ಕಳಿಸಿದರು. ಸಂಜೆ ಗಾಡಿ ತಿರುಗಿ ಬಂತು. ಒಳಗೆ ಎರಡು ಕಲ್ಲು. ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ಕುಣಿಯುವ ಹೆಂಗಸು.

"ಇದೇನಲೇ!"

"ಖಾಲಿ ಗಾಡಿ ಮನೀಗೆ ತರಬಾರ್ದು ಅಂತ ನೀವ ಅಲ್ರೀ ಹೇಳಿದ್ದು, ಯಜಮಾನ್ರ?"

ಮರುದಿನ ಮಾವನವರೇ ಗಾಡಿಯಲ್ಲಿ ಕುಳಿತು ಹೋಗಿ ಎರಡನ್ನೂ ಇಟ್ಟು ಬಂದರು. ಬರುವಾಗ ಶಾಸ್ತ್ರಕ್ಕೆ ಇರಲಿ ಅಂತ ಒಂದು ಕುಂಬಳಕಾಯಿ ಹಾಕಿಕೊಂಡು ಬಂದರು.

ಗಾರೆಯ ನೀರು

ಗಾರೆ ಕಲ್ಲಿನಂತೆ ಗಟ್ಟಿಯಾಗಬೇಕಾದರೆ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಬೆರೆಸಬೇಕು. ಮಾವನವರು ಎರಡನ್ನೂ ಒಂದೇ ಮಣ್ಣಿನ ಹರವಿಯಲ್ಲಿ ನೆನೆಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ನೆರಳಿನಲ್ಲಿ ಇಟ್ಟಿದ್ದರು. ಅಳಲೆಕಾಯಿ ಗೋಡೆಯನ್ನು ಎಷ್ಟು ಗಟ್ಟಿ ಮಾಡುತ್ತದೋ ಮನುಷ್ಯನ ಹೊಟ್ಟೆಯನ್ನು ಅಷ್ಟೇ ಸಡಿಲ ಮಾಡುತ್ತದೆ. ಇದು ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ಮದ್ದು.

ಗೋಡೆ ಎದೆಮಟ್ಟ ಬಂದಾಗ, ಸುಡುಸುಡು ಮಧ್ಯಾಹ್ನ, ಅಕ್ಕನ ಕಂಪ್ಲಿಯ ಮೈದುನ ಗಾಡಿಯಿಂದ ಇಳಿದ. ಆಳು ಎತ್ತರ, ತಲೆಗೆ ದೊಡ್ಡ ರುಮಾಲು.

"ಅತ್ತಿಗೀನ ಕಳಿಸ್ರಿ. ಮನ್ಯಾಗ ರೊಟ್ಟಿ ಬಡಿಯೋರಿಲ್ಲ."

ಒಳಗೆ ಅಕ್ಕ ಆಗಲೇ ಸೀರೆ ಮಡಚತೊಡಗಿದ್ದರು. ಯಾರು ಕರೆದರೂ ಎದ್ದು ಹೊರಡುವುದೊಂದೇ ಅವರಿಗೆ ಗೊತ್ತಿದ್ದದ್ದು.

ಮಾವನವರು ಮಾತ್ರ ನಗುನಗುತ್ತಾ, "ಬರ್ರಿ, ಕುಂದ್ರಿ. ಬಿಸಲಾಗ ಬಂದೀರಿ, ಮೊದ್ಲು ಪಾನಕ ಕುಡೀರಿ," ಎಂದು ದೊಡ್ಡ ತಂಬಿಗೆಯನ್ನು ನೆರಳಿನ ಹರವಿಯಲ್ಲಿ ಅದ್ದಿ ಕೊಟ್ಟರು.

"ಒಂದೀಟು ಒಗರು ಐತಲ್ಲ?"

"ನಿಮ್ಮ ಕಂಪ್ಲಿ ಬೆಲ್ಲಾನ ಐತ್ರಿ."

ಊರಿನ ಬೆಲ್ಲಕ್ಕೆ ಹೆಸರಿಡುವುದು ಹೇಗೆ? ಆತ ಇನ್ನೊಂದು ತಂಬಿಗೆ ಕುಡಿದು, ಬಾಯಿ ಒರೆಸಿಕೊಂಡು, ಉಪದೇಶಕ್ಕೆ ಕುಳಿತ. "ನೋಡ್ರಿ, ಧರ್ಮ ಅಂದ್ರ ಏನಪಾ ಅಂದ್ರ..." ಅಂದವನು ಥಟ್ಟನೆ ನಿಲ್ಲಿಸಿ, ತಂಬಿಗೆ ಹಿಡಿದು ಹೊಲದ ಕಡೆ ಓಡಿದ. ತಿರುಗಿ ಬಂದು, "ಎಲ್ಲಿಗೆ ಬಂದಿದ್ದೆ?" ಅಂದ. "ಧರ್ಮಕ್ಕ," ಅಂದರು ಮಾವನವರು. "ಹಾಂ, ಧರ್ಮ ಅಂದ್ರ..." ಮತ್ತೆ ಓಟ. ಧರ್ಮ ಅಂದರೆ ಏನು ಎಂಬುದು ನಮಗೆ ಅವತ್ತು ತಿಳಿಯಲೇ ಇಲ್ಲ. ಸಂಜೆ ಅಕ್ಕನೇ ಮಜ್ಜಿಗೆ ಅನ್ನ ಕಲಸಿ ಉಣ್ಣಿಸಿ, ಆತನನ್ನು ಗಾಡಿಯಲ್ಲಿ ಮಲಗಿಸಿ ಕಳಿಸಿದರು.

ಮಾವನವರು ಹರವಿ ತಪ್ಪಿ ಅದ್ದಿದರೋ ಬೇಕೆಂದೇ ಅದ್ದಿದರೋ ನಾನು ಕೇಳಲಿಲ್ಲ. ಆದರೆ ಅವತ್ತು ನಮ್ಮ ಮನೆಯಲ್ಲಿ ಬೇರೆ ಪಾನಕದ ಹರವಿಯೇ ಇರಲಿಲ್ಲ.

ಮಾಳಿಗೆ

ಗೋಡೆ ಮುಗಿಯಿತು, ತೊಲೆ ಕೂತಿತು. ಮೇಲೆ ಚೌಳು ಮಣ್ಣನ್ನು ನೀರಲ್ಲಿ ಕಲಸಿ ಹಾಕಿ ತುಳಿದರೆ ಮಾಳಿಗೆಯ ಚಾವಣಿ ಸೋರುವುದಿಲ್ಲ. ಅಷ್ಟು ಹೊತ್ತಿಗೆ ಸಂಡೂರು ಗುಡ್ಡದ ಕಡೆ ಮೋಡ ಕಟ್ಟತೊಡಗಿತ್ತು. ಮಳೆಗಿಂತ ಮುಂಚೆ ಮುಗಿಯಲೇಬೇಕು. ನಮ್ಮವರು ಚಳಿಜ್ವರ ಎಂದು ಕಚೇರಿಗೆ ಬರೆದು ಕಳಿಸಿ, ಧೋತರ ಎತ್ತಿ ಕಟ್ಟಿಕೊಂಡು ಮಾಳಿಗೆ ಏರಿದರು. ಮಣ್ಣು ತುಳಿಯುವಾಗ ಹಾಡದಿದ್ದರೆ ಕಾಲು ಏಳುವುದಿಲ್ಲವಂತೆ. ಅಪ್ಪ ಮಗ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಕೋಲಾಟದವರ ಹಾಗೆ ಹಾಡುತ್ತಾ ಕುಣಿಯುತ್ತಿದ್ದರು.

ಓಣಿಯಲ್ಲಿ ಒಂದು ಜಟಕಾ ಬಂದು ನಿಂತಿತು. ಇಳಿದವರು ತಹಸೀಲ್ದಾರರು. ಕತ್ತೆತ್ತಿ ನೋಡಿದರು. ಹಾಡು ನಿಂತಿತು. ಮಾವನವರು ಮೆಲ್ಲಗೆ ಕುಳಿತುಬಿಟ್ಟರು. ನಮ್ಮವರೊಬ್ಬರೇ ಮೊಣಕಾಲಿನ ತನಕ ಕೆಸರಿನಲ್ಲಿ, ಆಕಾಶಕ್ಕೆ ಎದುರಾಗಿ ನಿಂತರು.

"ಜ್ವರ ಹೆಂಗೈತ್ರಿ?" ಎಂದು ತಹಸೀಲ್ದಾರರು ಕೇಳಿದರು.

"ಈಗ... ಸ್ವಲ್ಪ ಬೆವರು ಬಂದೈತ್ರಿ ಸಾರ್."

ತಹಸೀಲ್ದಾರರು ಬಹಳ ಹೊತ್ತು ಮಾಳಿಗೆಯನ್ನೇ ನೋಡಿದರು. ನಮ್ಮವರ ನೌಕರಿ ಹೋಯಿತು ಎಂದು ನಾನು ಬಾಗಿಲ ಹಿಂದೆ ನಿಂತು ಮನೆದೇವರಿಗೆ ಹರಕೆ ಹೊತ್ತೆ.

"ಸರಿ," ಅಂದರು ಅವರು ಜಟಕಾ ಹತ್ತುತ್ತಾ. "ಮುಂದಿನ ವಾರ ಜ್ವರ ಬಂದ್ರ ನಮ್ಮ ಮನೀಗೆ ಬರ್ರಿ. ನಮ್ಮ ಮಾಳಿಗಿನೂ ಭಾಳ ಸೋರ್ತೈತಿ."

ಮುಂದಿನ ವಾರ ನಮ್ಮವರಿಗೆ ಜ್ವರ ಬಂತು.

ಬಾಗಿಲು

ಉಳಿದದ್ದು ಬಾಗಿಲು. ಅದೊಂದಕ್ಕೆ ಬಡಗಿಯನ್ನು ಕರೆಸಿದೆವು. ಒಳಗೆ ಇರುವವರ ಮೊಳದಲ್ಲೇ ಬಾಗಿಲನ್ನು ಅಳೆಯಬೇಕು, ನಾಲ್ಕು ಮೊಳ ಎತ್ತರ ಇಡಬೇಕು ಎಂಬುದು ನಮ್ಮ ಹಿರಿಯರ ಮಾತು. "ಯಾರ ಮೊಳ ಹಿಡೀಲ್ರಿ?" ಎಂದು ಬಡಗಿ ಕೇಳಿದ. ನಮ್ಮವರು ಕೈ ಚಾಚಿದರು.

"ನೀನೇನು ಅಲ್ಲಿ ಮಲಗಾಂವ ಏನಲೇ?" ಎಂದು ಮಾವನವರು ಆ ಕೈಯನ್ನು ತಳ್ಳಿದರು. "ಅಕ್ಕಾ, ಕೈ ಕೊಡು."

ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ನ ಮೊಳ ಯಾಕಪ್ಪಾ? ಮಳಿ ಬಿದ್ರ ಹೋಗಾಕಿ ನಾನು. ನಾಳೆ ಯಾರರ ಬ್ಯಾರೇದವರು ಇರ್ತಾರ."

ಮಾವನವರಿಗೆ ಅಳು ಬಂದರೆ ಸಿಟ್ಟು ಬರುತ್ತಿತ್ತು. "ಸಣ್ಣಾಂವ ಇದ್ದಾಗ ನನ್ನ ಎತ್ತಿ ಆಡಿಸಿದ ಕೈ ಐತಲ್ಲ, ಆ ಕೈ ಮೊಳ ಬೇಕು ನನಗ. ಕೊಡ್ತೀಯೋ, ಗ್ವಾಡಿ ಕೆಡವಲೋ?" ಎಂದು ಗದರಿದರು. ಅಕ್ಕ ಕೈ ಕೊಟ್ಟರು. ಬಡಗಿ ಮೊಣಕೈಯಿಂದ ಬೆರಳ ತುದಿಗೆ ದಾರ ಹಿಡಿದ. ಅಕ್ಕ ಎಷ್ಟು ಗಿಡ್ಡ ಎಂಬುದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಕೋಣೆಯ ಪೂಜೆಯ ದಿನ ಬೆಳಿಗ್ಗೆ ಮಳೆ ಹನಿಯತೊಡಗಿತು. ಮೊದಲು ಒಳಗೆ ಹೋದವರು ಮಾವನವರು. ಠಣ್! ಹಿಂದೆಯೇ ನಮ್ಮವರು. ಠಣ್! ಪೂಜೆಗೆ ಬಂದ ಅಯ್ಯನವರು ಮಂತ್ರದ ನಡುವೆ ಶಾಸ್ತ್ರದಲ್ಲಿಲ್ಲದ ಒಂದು ಮಾತನ್ನು ಸೇರಿಸಿದರು. ಬಾಗಿಲು ಮಾಡಿದ ಬಡಗಿಯೂ ಹಣೆ ಹಿಡಿದುಕೊಂಡ.

ಅಷ್ಟರಲ್ಲಿ ಕಂಪ್ಲಿಯ ಮೈದುನ ಬಂದ. "ಮಳಿ ಬಿತ್ತು. ನಡೀರಿ ಅತ್ತಿಗಿ," ಎನ್ನುತ್ತಾ ದರ್ಪದಿಂದ ಒಳಗೆ ನುಗ್ಗಿದ. ಅಂಥ ಸದ್ದು ಅವತ್ತು ಇನ್ನೊಂದು ಆಗಲಿಲ್ಲ. ರುಮಾಲು ಅಂಗಳಕ್ಕೆ ಉರುಳಿತು, ಆಳು ಒಳಗೆ ಕುಸಿದ. ಅಕ್ಕ ಓಡಿ ಬಂದು ಅವನ ತಲೆಗೆ ಬೆಣ್ಣೆ ತಿಕ್ಕಿದರು.

"ಇದೇನು ಬಾಗಿಲೋ, ಇಲಿ ಬಿಲಾನೋ? ಒಡದು ಎತ್ತರ ಮಾಡಸ್ರಿ," ಎಂದು ಆತ ನರಳಿದ.

ಮಾವನವರ ಮುಖ ಸಣ್ಣಗಾಗಿತ್ತು. "ತಪ್ಪಾತು ಅಕ್ಕಾ. ನಾಳೀನ ಬಿಚ್ಚಸ್ತೀನಿ," ಅಂದರು.

ಅಕ್ಕ ಎದ್ದರು. ಬಾಗಿಲಿನಿಂದ ಹೊರಗೆ ಹೋದರು, ಒಳಗೆ ಬಂದರು. ಮತ್ತೊಮ್ಮೆ ಹೋಗಿ ಬಂದರು. ತಲೆಗೂ ಚೌಕಟ್ಟಿಗೂ ನಡುವೆ ಒಂದು ಬೆರಳು ಸಂದು. ಮೇಲೆ ಕೈ ಇಟ್ಟು ಸವರಿ ನೋಡಿದರು. ಆಮೇಲೆ ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಯಾರೂ ಮುಟ್ಟಬ್ಯಾಡ್ರಿ," ಅಂದರು. "ಇಷ್ಟು ವರ್ಷ ನಿಮ್ಮೆಲ್ಲಾರ ಮುಂದ ನಾನು ಬಗ್ಗೀನಿ. ಇನ್ನ ಮ್ಯಾಲೆ ನೀವು ಒಂದೀಟು ಬಗ್ಗ್ರಿ. ಇದು ನನ್ನ ಕ್ವಾಣಿ."

ಮಾವನವರು ಹಣೆಯ ಬುಗುಟು ಒತ್ತಿಕೊಳ್ಳುತ್ತಲೇ ಅತ್ತುಬಿಟ್ಟರು. ನಾನೂ ಅತ್ತೆ.

ಅಕ್ಕ ಮೈದುನನ ಕಡೆ ತಿರುಗಿ ಮೆತ್ತಗೆ ಹೇಳಿದರು. "ನಾ ಎಲ್ಲಿಗೂ ಬರಂಗಿಲ್ಲಪ್ಪಾ. ಹಬ್ಬಕ್ಕ ನೀನ ಬಾ, ಬಿಸಿ ರೊಟ್ಟಿ ಬಡದು ಹಾಕ್ತೀನಿ. ಒಳಗ ಬರೋವಾಗ ಮಾತ್ರ ಬಗ್ಗಿ ಬಾ."

ಆತ ಬೆಣ್ಣೆ ಹಚ್ಚಿದ ತಲೆಯನ್ನು ಸವರಿಕೊಂಡ. ಕೊನೆಗೆ, "ಆಗಲಿ ಅತ್ತಿಗಿ, ಬಗ್ಗೇ ಬರ್ತೀನಿ," ಎಂದು ಕೈಮುಗಿದು, ಎದ್ದು, ಹೊರಟ.

ಠಣ್!

ಹೋಗುವಾಗಲೂ ಬಗ್ಗಬೇಕೆಂದು ಅಕ್ಕ ಹೇಳಿರಲಿಲ್ಲ.