ಕೆಂಪು ಧೂಳಿನ ಬಿಳಿ ಕಾರು

ಹಳೇ ಕಾರು ಇಟ್ಟುಕೊಂಡವನು ಕಥೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಮನೆ ಬಿಟ್ಟು ಎರಡು ಫರ್ಲಾಂಗು ದಾಟಿದರೆ ಸಾಕು, ಕಥೆಯೇ ಬಾನೆಟ್ಟಿನ ಸಂದಿಯಿಂದ ಹೊಗೆಯಾಡಿಕೊಂಡು ಎದ್ದು ಬರುತ್ತದೆ. ಗಣಿಯ ಭರಾಟೆಯ ಕಾಲದಲ್ಲಿ ಹೊಸಪೇಟೆಯ ಅರ್ಧ ಊರು ಟಿಪ್ಪರ್ ಕೊಂಡಿತು. ಹೈಸ್ಕೂಲು ಮೇಷ್ಟ್ರಾದ ನಾನು ಕಾರು ಕೊಂಡೆ. ನನಗಿಂತ ಮೊದಲು ಮೂರು ಜನ ಅದನ್ನು ಓಡಿಸಿದ್ದರು. "ಮೂರು ಜನ ಪರೀಕ್ಷೆ ಮಾಡಿ ಪಾಸು ಮಾಡಿದ ಗಾಡಿ" ಅಂತ ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿದೆ.

ಮನೆಯಲ್ಲಿ ಹೆಂಡತಿ ಮಾತ್ರ, "ಪಾಸು ಮಾಡಿದ್ದ ಖರೇ ಇದ್ರ ಮೂರೂ ಮಂದಿ ಯಾಕ ಬಿಟ್ರು?" ಅಂದಳು. ಅಂದೇ ಕರಾರೂ ಆಯಿತು. "ನೀವೊಬ್ರ ಹೋದಾಗ ಎಲ್ಲಿ ಬೇಕಾದಲ್ಲಿ ನಿಂದರಲಿ, ನನಗೇನು. ನಾ ಕುಂತಾಗ ಒಮ್ಮೆ ನಿಂತ್ರ ಮಾಫಿ. ಎರಡನೇ ಸಲ ನಿಂತ್ರ ಮಾರೋದು."

"ಎರಡನೇ ಸಲದ ಮಾತು ಬಿಡು, ಮೊದಲನೇ ಸಲವೇ ಬರಲ್ಲ" ಅಂದೆ. ಆ ಕಾರಿನ ಮೇಲೆ ನನಗೆ ಅಷ್ಟು ಪ್ರೀತಿ. ಅದನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಇದು.

೧. ಬಣ್ಣ

ಕೊಂಡಾಗ ಕಾರು ಬಿಳಿ ಇತ್ತು. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ನಾಲ್ಕು ವಾರ ಓಡಾಡಿದ್ದೇ ತಡ, ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಒಂದು ದಿನ ದಾರಿಯಲ್ಲಿ ಪೇದೆಯೊಬ್ಬರು ಕೈ ಅಡ್ಡ ಮಾಡಿ ಕಾಗದ ಕೇಳಿದರು. ಕಾಗದ ನೋಡಿದರು, ಕಾರು ನೋಡಿದರು, ಮತ್ತೆ ಕಾಗದ ನೋಡಿದರು.

"ಇದರಾಗ ಬಿಳಿ ಅಂತ ಐತಿ. ಇದು ನೋಡಿದ್ರ ಕೆಂಪು ಐತಿ. ಯಾರ ಗಾಡೀರಿ ಇದು?"

ನಾನು ಕರವಸ್ತ್ರ ಒದ್ದೆ ಮಾಡಿಕೊಂಡು ಬಾಗಿಲ ಮೇಲೆ ಒಂದು ಅಂಗೈಯಗಲ ಒರೆಸಿ ತೋರಿಸಿದೆ. ಬಿಳಿ ಹೊಳೆಯಿತು. ಅವರಿಗೆ ಸಮಾಧಾನ ಆಗಲಿಲ್ಲ. "ಅದೊಂದ ಬಾಗಲಾ ಬಿಳಿ ಇರಬೌದು. ಬಾನೆಟ್ ಒರಸ್ರಿ." ಒರೆಸಿದೆ. "ಡಿಕ್ಕಿ?" ಒರೆಸಿದೆ. ಕೊನೆಗೆ ಟಾಪು, ನಾಲ್ಕು ಬಾಗಿಲು ಎಲ್ಲ ಮುಗಿದು, ಬೆವರು ಒರೆಸಿಕೊಳ್ಳೋಕೆ ಚೊಕ್ಕ ಬಟ್ಟೆ ಇಲ್ಲದೆ ನಿಂತೆ.

ಪೇದೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಾಗದ ಮಡಿಚಿ ಕೊಟ್ಟರು. "ಭಾಳ ನೀಟಾಗಿ ಒರಸ್ತೀರಿ ಸರ್. ಹೆಂಗೂ ಬಟ್ಟಿ ಒದ್ದಿ ಐತಿ, ಅಲ್ಲಿ ನಮ್ಮ ಜೀಪೂ ನಿಂತೈತಿ ನೋಡ್ರಿ."

೨. ಉಸಿರು

ಆಮೇಲೆ ಕಾರಿಗೆ ಏದುಸಿರು ಶುರುವಾಯಿತು. ಸಂಡೂರಿನ ಏರಿನಲ್ಲಿ ನಾನು ಆಕ್ಸಿಲರೇಟರ್ ತುಳಿದಷ್ಟೂ ಅದು ಹಿಂದಕ್ಕೆ ಸರಿಯುವ ಮನಸ್ಸು ಮಾಡುತ್ತಿತ್ತು. ಒಂದು ಸಲವಂತೂ ಮೇಕೆಗಳ ಹಿಂಡೊಂದು ನನ್ನನ್ನು ಓವರ್‌ಟೇಕ್ ಮಾಡಿತು. ಕೊನೆಯ ಮೇಕೆ ತಿರುಗಿ ನೋಡಿದ್ದೂ ನೆನಪಿದೆ.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಮೆಕ್ಯಾನಿಕ್ ಸಾಹೇಬರ ಗ್ಯಾರೇಜು. ಅವರ ಹತ್ತಿರ ಹೋಗಿ, "ಎಂಜಿನ್ನೇ ಹೋಗಿರಬೇಕು, ಪಿಸ್ಟನ್ನು, ರಿಂಗು..." ಅಂತ ನನಗೆ ಗೊತ್ತಿದ್ದ ಹೆಸರನ್ನೆಲ್ಲ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳದೆ ಏರ್ ಫಿಲ್ಟರ್ ಬಿಚ್ಚಿ, ಕಾಗದ ಹಾಸಿ, ಅದರ ಮೇಲೆ ಎರಡು ಸಲ ಬಡಿದರು. ಹಣೆಗೆ ಇಡುವ ಕುಂಕುಮದ ಹಾಗೆ ನುಣ್ಣಗಿನ ಕೆಂಪು ಧೂಳು ಒಂದು ಸೇರಿನಷ್ಟು ಗುಡ್ಡೆಬಿತ್ತು.

"ಮೇಷ್ಟ್ರೇ, ಎಂಜಿನ್ ಮಸ್ತ್ ಐತಿ. ಪಾಪ, ಅದಕ್ಕ ಉಸಿರಾಡಾಕ ಆಗವಲ್ದು" ಅಂದ ಸಾಹೇಬರು ಗುಡ್ಡೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ದನಿ ಇಳಿಸಿ ಕೇಳಿದರು: "ಒಳ್ಳೇ ಮಾಲು ಐತಿ. ಸಾಗಸಾಕ ಪರ್ಮಿಟ್ ಮಾಡಿಸೀರೇನು?"

ಅಂದಿನಿಂದ ಯಾರಾದರೂ ಕೇಳಿದರೆ ನಾನೂ ಗಣಿ ಮಾಲೀಕ ಅಂತಲೇ ಹೇಳುತ್ತಿದ್ದೆ. ಪುಣ್ಯಕ್ಕೆ ಈ ಎರಡೂ ಸಲ ಹೆಂಡತಿ ಕಾರಿನಲ್ಲಿ ಇರಲಿಲ್ಲ.

೩. ಪಾನಕ

ಕಂಪ್ಲಿಯಲ್ಲಿ ನಮ್ಮ ನಾದಿನಿಯ ಸೀಮಂತ. ನಾದಿನಿಗೆ ನನ್ನ ಹೆಂಡತಿ ಮಾಡಿದ ಬೆಲ್ಲದ ಪಾನಕ ಅಂದರೆ ಪ್ರಾಣ. ದೊಡ್ಡ ಕ್ಯಾನಿನ ತುಂಬ ಏಲಕ್ಕಿ ಪಾನಕ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಧ ದಾರಿಗೆ ಬಂದಾಗ ಟೆಂಪರೇಚರ್ ಮುಳ್ಳು ಮೇಲೇರಿ ಮೂಲೆಗೆ ಹೋಗಿ ಕೂತಿತು. ಬಾನೆಟ್ಟಿನಿಂದ ಬುಸ್ ಅಂತ ಹಬೆ. ಕಾರು ನಿಂತಿತು.

"ಒಂದು" ಅಂದಳು ಹೆಂಡತಿ. ಅಷ್ಟೇ ಅಂದದ್ದು.

"ನೀರು ಹಾಕಿದ್ರೆ ಆಯ್ತು, ಪಕ್ಕದಲ್ಲೇ ಕಾಲುವೆ" ಅಂತ ಗತ್ತಿನಿಂದ ಇಳಿದೆ. ಹೋಗಿ ಬಗ್ಗಿ ನೋಡಿದರೆ ಬೇಸಿಗೆಗೆ ಕಾಲುವೆಯ ನೀರು ನಿಲ್ಲಿಸಿಬಿಟ್ಟಿದ್ದರು. ತಳದಲ್ಲಿ ಒಂದು ಎಮ್ಮೆ ಮಲಗಿ ಅದೂ ನನ್ನಂತೆಯೇ ನೀರಿಗೆ ಕಾಯುತ್ತಿತ್ತು. ನಾನು ವಾಪಸು ಬಂದು ಕ್ಯಾನಿನ ಕಡೆ ನೋಡಿದೆ. ಹೆಂಡತಿ ಅದನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

"ಹಂಗ ನೋಡಬ್ಯಾಡ್ರಿ. ಇದು ಬಸರಿ ಹೆಂಗಸಿಗೆ ಮಾಡಿದ್ದು."

"ಮುಹೂರ್ತಕ್ಕೆ ಮುಟ್ಟಬೇಕೋ ಬೇಡ್ವೋ?" ಅಂದೆ.

ಎಂಜಿನ್ ತಣ್ಣಗಾಗುವ ತನಕ ಕಾದು, ರೇಡಿಯೇಟರಿಗೆ ಪೂರ್ತಿ ಪಾನಕ ಹೊಯ್ದೆವು. ಏನು ಓಡಿತು ಅಂತೀರಿ! ಕಂಪ್ಲಿ ಪೇಟೆಯೊಳಗೆ ಹಾದಾಗ ಅಂಗಡಿಯವರು ಮೂಗರಳಿಸಿ ಹೊರಗೆ ಬಂದು ನಿಂತರು. ಸೀಮಂತದ ಮನೆ ಮುಟ್ಟಿದ್ದು ಮುಹೂರ್ತಕ್ಕೆ ಸರಿಯಾಗಿ. ನಾದಿನಿ ಖಾಲಿ ಕ್ಯಾನ್ ನೋಡಿದಳು, ಹೊರಗಿನಿಂದ ಬರುತ್ತಿದ್ದ ಘಮ ಮೂಸಿದಳು. "ಅಕ್ಕಾ, ಬಯಕಿ ನನಗಿತ್ತೋ, ನಿಮ್ಮ ಕಾರಿಗಿತ್ತೋ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರನೆಯ ದಿನ ಸಾಹೇಬರು ರೇಡಿಯೇಟರ್ ತೊಳೆಯುತ್ತ ಹೇಳಿದರು: "ಕಪ್ಪೆ ತಗದೀನಿ, ಎಲಿ ತಗದೀನಿ. ಏಲಕ್ಕಿ ಸಿಪ್ಪಿ ತಗದಿದ್ದು ಇದ ಮೊದಲು."

೪. ಸಾಲು

ಒಂದು ಮಧ್ಯಾಹ್ನ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಕುರೆಕುಪ್ಪದ ಮದುವೆ ಮನೆಗೆ ಹೊರಟಿದ್ದೆ. ತೋರಣಗಲ್ಲಿನ ಹತ್ತಿರ ರಸ್ತೆಯ ಎಡಕ್ಕೆ ಉದ್ದಕ್ಕೂ ಲಾರಿಗಳು ನಿಂತಿದ್ದವು. ಮುಂದೆ ಏನೋ ಜಾಮ್ ಆಗಿದೆ ಅಂತ ನಾನೂ ಹಿಂದೆ ಶಿಸ್ತಾಗಿ ನಿಂತೆ. ಮೇಷ್ಟ್ರು ನೋಡಿ, ಸಾಲು ಕಂಡರೆ ನಿಲ್ಲೋದು ರೂಢಿ. ಸಾಲು ಹತ್ತು ಹೆಜ್ಜೆ ಸರಿದಾಗ ಸ್ಟಾರ್ಟ್ ಮಾಡೋದು, ಆಮೇಲೆ ಆಫ್ ಮಾಡೋದು. ಏಳನೇ ಸಲಕ್ಕೆ ಬ್ಯಾಟರಿ ಪ್ರಾಣ ಬಿಟ್ಟಿತು. ದಬ್ಬಿದರೆ ಸ್ಟಾರ್ಟ್ ಆಗುವ ಕಾರು. ಆದರೆ ಮುಂದೊಂದು ಲಾರಿ, ಹಿಂದೊಂದು ಲಾರಿ, ದಬ್ಬಲು ಜಾಗವೇ ಇಲ್ಲ.

ಹೆಂಡತಿ ಎರಡು ಬೆರಳು ಎತ್ತಿ ತೋರಿಸಿದಳು.

ಮುಂದಿನ ಲಾರಿಯ ಡ್ರೈವರ್ ನೆರಳಲ್ಲಿ ಒಲೆ ಹೂಡಿ ಅನ್ನಕ್ಕೆ ಇಟ್ಟಿದ್ದ. "ಯಾವ ಜಾಮು ಸಾರ್? ಇದು ಯಾರ್ಡಿಗೆ ಅದಿರು ಇಳಸೋ ಸಾಲು. ತುದೀಗಿರೋರು ನಿನ್ನೆಯಿಂದ ನಿಂತಾರ" ಅಂದ. ನನ್ನ ಮುಖ ನೋಡಿ ಅವನಿಗೆ ನಗುವೂ ಬಂತು, ಕರುಣೆಯೂ ಬಂತು. ಮಕ್ಕಳನ್ನು ಕರೆದು ಬಿಸಿ ಅನ್ನ, ಟೊಮೆಟೊ ಸಾರು ಬಡಿಸಿದ. ಹೆಸರು ಕೂಡ ಕೇಳದೆ ಉಣ್ಣಿಸಿದ ಆ ಪುಣ್ಯಾತ್ಮನನ್ನು ಇವತ್ತಿಗೂ ನೆನೆಯುತ್ತೇನೆ. ಮದುವೆ ಊಟ ಅದರ ಮುಂದೆ ಏನೂ ಅಲ್ಲ.

ಊಟ ಆದ ಮೇಲೆ ಆರು ಜನ ಡ್ರೈವರುಗಳು ಸಾಲು ಸರಿದಂತೆಲ್ಲ ಕಾರನ್ನೂ ದಬ್ಬುತ್ತಾ ಬಂದರು. ಸಾಲಿನ ತುದಿಯಲ್ಲಿ ವೇಬ್ರಿಜ್; ಲಾರಿ ತೂಗುವ ಆ ಹಲಗೆ ದಾಟದೆ ಹೊರಗೆ ಹೋಗುವಂತಿಲ್ಲ. ಕಿಟಕಿಯೊಳಗಿದ್ದ ಗುಮಾಸ್ತ ತಲೆ ಎತ್ತದೆ ನಂಬರು ಬರೆದುಕೊಂಡ, ತೂಕ ಬರೆದುಕೊಂಡ. ಆಮೇಲೆ ಕಿಟಕಿಯಿಂದ ಕೂಗಿದ:

"ಲೋಡ್ ಇಳಿಸ್ರಲೇ, ಖಾಲಿ ಗಾಡಿ ತೂಗಬೇಕು!"

ಕಾರಿನಲ್ಲಿ ಕೂತಿದ್ದ ಲೋಡ್ ನನ್ನ ಕಡೆ ತಿರುಗಿ ನೋಡಿತು. ಆ ನೋಟಕ್ಕೆ ಬ್ಯಾಟರಿಯಿಲ್ಲದೆಯೇ ಸ್ಟಾರ್ಟ್ ಆಗಬೇಕಿತ್ತು ಕಾರು.

೫. ಗಿರಾಕಿ

ಕರಾರು ಕರಾರೇ. ಮುಂದಿನ ಭಾನುವಾರ ಸಾಹೇಬರೇ ಒಬ್ಬ ಗಿರಾಕಿಯನ್ನು ಕರೆತಂದರು. ಅಕ್ಕಿ ಗಿರಣಿಯ ಲೆಕ್ಕ ಬರೆಯುವವರು, ಸಂಭಾವಿತರು. ಸುತ್ತ ತಿರುಗಿ ನೋಡಿ ಒಪ್ಪಿದರು. ನಾನು ಕಾರಿನ ಟಾಪು ಸವರುತ್ತ ನಿಂತೆ. ಮೈಲಿಗೊಮ್ಮೆ ನಿಂತರೂ ನಮ್ಮನ್ನು ಒಮ್ಮೆಯೂ ಗುಂಡಿಗೆ ಕೆಡವದ ಗಾಡಿ.

"ಏನಾರ ತೊಂದ್ರಿ ಐತೇನ್ರಿ ಮೇಷ್ಟ್ರೇ?" ಅಂತ ಗಿರಾಕಿ ಕೇಳಿದರು.

"ಒಂದೂ ಇಲ್ಲ" ಅಂದೆ.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಅವರಿಗೆ ಗೊತ್ತಿಲ್ರಿ, ನಾ ಹೇಳ್ತೀನಿ ಕೇಳ್ರಿ. ಎಡಗಡಿ ಬಾಗಲಾ ಜಗ್ಗಬ್ಯಾಡ್ರಿ, ಚೂರು ಮ್ಯಾಲೆತ್ತಿ ತಗೀರಿ. ಚಳಿಗಾಲದಾಗ ಒಂದ ಸಲಕ್ಕ ಏಳಂಗಿಲ್ಲ. ಚೋಕ್ ಜಗ್ಗಿ ಸುಮ್ಮನ ಕುಂದ್ರಿ. ಗಡಬಡ ಮಾಡಿದ್ರ ಪೆಟ್ರೋಲ್ ಕುಡದು ಮುನಿಸ್ಕೊಂತೈತಿ. ಮೂರನೇ ಗೇರು ತಾನ ಜಾರತೈತಿ, ಮೊಣಕಾಲಿಲೆ ಒತ್ತಿ ಹಿಡೀರಿ. ಮಳಿಗಾಲದಾಗ ಕಾಲಕೆಳಗ ನೀರು ಬರತೈತಿ, ಗೋಣಿಚೀಲ ಹಾಸ್ರಿ, ತ್ವಾಯಿಸಬ್ಯಾಡ್ರಿ ಅದನ್ನ. ಇಳಕಲಿನ್ಯಾಗ ನಿಲ್ಲಸಿದ್ರ ಮುಂಜಾನಿ ದಬ್ಬೋದು ತಪ್ಪತೈತಿ. ಏರಿನ್ಯಾಗ ನಿಂತ್ರ ಬೈಬ್ಯಾಡ್ರಿ. ಬೈದ್ರ ಇನ್ನಷ್ಟು ಹಟ ಮಾಡತೈತಿ. ಬಾನೆಟ್ ಮ್ಯಾಲ ಒಂದೀಟು ಕೈ ಇಟ್ಟು ನಿಂದರ್ರಿ, ತಾನ ಹೊಂಡತೈತಿ."

ಇಷ್ಟು ಹೇಳುವಷ್ಟರಲ್ಲಿ ಅವಳು ಚಹಾ ಕೊಟ್ಟು, ಅಂಗಳಕ್ಕಿಳಿದು ಸೆರಗಿನಿಂದ ಕಾರಿನ ಕನ್ನಡಿ ಒರೆಸಲು ಶುರು ಮಾಡಿದ್ದಳು.

ಗಿರಾಕಿ ಚಹಾ ಲೋಟ ಮೆಲ್ಲಗೆ ಕೆಳಗಿಟ್ಟು ಕೈ ಮುಗಿದರು. "ತಾಯಿ, ನಾ ಕಾರು ನೋಡಾಕ ಬಂದಿದ್ದೆ. ನೀವು ಮಗಳ್ನ ಕೊಡಾಕತ್ತಂಗೈತಿ. ಇಷ್ಟೆಲ್ಲ ಜೋಪಾನ ಮಾಡಾಕ ನನ್ನ ಕೈಲಿ ಆಗಂಗಿಲ್ಲ." ಸಾಹೇಬರ ಸ್ಕೂಟರಿನ ಹಿಂದೆ ಕೂತು ಹೊರಟೇ ಹೋದರು.

ಕಾರು ಉಳಿಯಿತು ಅಂತ ಒಳಗೊಳಗೇ ಕುಣಿಯುತ್ತಿದ್ದೆ. ಆದರೂ ಮುಖ ಗಂಭೀರ ಮಾಡಿಕೊಂಡು, "ಹೋಗಲಿ ಬಿಡು, ಇನ್ನೊಬ್ಬ ಗಿರಾಕಿ ನೋಡೋಣ" ಅಂದೆ.

ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಮೇಲೇ ತಿರುಗಿದಳು. "ಗೇರು ಹಿಡಿಯಾಕ ಒಂದು ಮೊಣಕಾಲು ಕೊಡಾಕ ಆಗದಂಥವಗ ಕೊಡಾಕ ಹೊಂಟಿದ್ರಲ್ಲ! ಮನಿ ಗಾಡಿ ಮಾರಾಕ ನಿಮಗ ಮನಸಾದ್ರೂ ಹೆಂಗ ಬಂತ್ರಿ?"