ಏಡನ್ನಿನಲ್ಲಿ ಎರಡನೆಯ ಹೆರಿಗೆ

ಗಂಡಸರು ನಾಲ್ಕು ಜನ ಕೂಡಿದರೆ ಮಾತು ರಾಜಕಾರಣದಲ್ಲಿ ಮುಗಿಯುತ್ತದೆ. ಹೆಂಗಸರು ನಾಲ್ಕು ಜನ ಕೂಡಿದರೆ ಹೆರಿಗೆಯಲ್ಲಿ. ನಮ್ಮ ಬೀದರದ ಮೈಲೂರಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಶೇಂಗಾ ಬಿಡಿಸುತ್ತ ಕೂತವರು ತಮ್ಮ ತಮ್ಮ ಹೆರಿಗೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, ಯಾರಿಗೆ ಯಾವಾಗ ಕಣ್ಣು ಕತ್ತಲಿಟ್ಟಿತು ಎಂಬುದು ಉಳಿದವರಿಗೆಲ್ಲ ಬಾಯಿಪಾಠವಾಗಿದೆ. ಹೇಳಿದ ಹಾಗೆಲ್ಲ ನೋವೂ ಬೆಳೆಯುತ್ತದೆ, ಹುಟ್ಟಿದ ಕೂಸಿನ ತೂಕವೂ ಬೆಳೆಯುತ್ತದೆ. ನನ್ನ ಸರದಿ ಯಾವಾಗಲೂ ಕಡೆಗೆ. ನಾನು ಹೇಳಿದ ಮೇಲೆ ಬಾಯಿ ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ನಾನು ಹಡೆದದ್ದು ಸಮುದ್ರದಾಚೆ, ಅರಬರ ನಾಡಿನ ಅಂಚಿನಲ್ಲಿದ್ದ ಏಡನ್ ಬಂದರಿನಲ್ಲಿ. ಅದೂ ಒಮ್ಮೆ ಹೊಟ್ಟೆ ಕೊಯ್ಸಿಕೊಂಡ ಮೇಲೆ.

ಮೊದಲ ಮಗಳು ಶಾಂತಾ ಹುಟ್ಟಿದಾಗ ನಾವಿನ್ನೂ ಹೈದರಾಬಾದ್ ರಾಜ್ಯದವರು. ನನ್ನ ತವರು ಭಾಲ್ಕಿ, ಗಂಡನ ಮನೆ ಔರಾದ ತಾಲೂಕಿನ ಡಾಬಕಾ. ದಿನ ತುಂಬುತ್ತಿದ್ದಾಗ ತವರಿನ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಮಲಗೇದ. ಇದು ನನ್ನ ಕೈಲಿ ಆಗೂದಲ್ಲ" ಎಂದಳು. ಬೀದರದ ಡಾಕ್ಟರರೂ ಅದನ್ನೇ ಹೇಳಿ ಹೈದರಾಬಾದಿನ ರೈಲು ಹತ್ತಿಸಿದರು. ಅಲ್ಲಿ ಬ್ಯಾನೆ ಶುರುವಾಗುವ ಮೊದಲೇ ಮೂಗಿಗೆ ಔಷಧ ಹಿಡಿದರು. ನನಗೆ ಎಚ್ಚರವಾದಾಗ ಮಗಳು ಆಗಲೇ ಪಕ್ಕದಲ್ಲಿ ಮಲಗಿ ಆಕಳಿಸುತ್ತಿದ್ದಳು. "ಹೊಲಿಗೆ ಕೆಳಗಡೆ ಹಾಕೀನಿ. ಮುಂದಿನದು ತಾನಾಗಿಯೇ ಬರಬಹುದು, ಆದರೆ ದವಾಖಾನೆಯೊಳಗೇ ಆಗಬೇಕು" ಎಂದು ಅಲ್ಲಿನ ಡಾಕ್ಟರಮ್ಮ ನನ್ನಿಂದ ಎರಡು ಸಲ ಹೇಳಿಸಿ ಕಳಿಸಿದರು. ಡಾಬಕಾದಿಂದ ಮೊಮ್ಮಗಳನ್ನು ನೋಡಲು ಬಂದ ಅತ್ತೆ ಕೂಸನ್ನು ಎತ್ತಿಕೊಂಡು ಮುದ್ದಾಡಿ, ನನ್ನ ಕಡೆ ತಿರುಗಿ, "ಇದು ಹಡೆದದ್ದಲ್ಲ ಬಿಡವಾ, ತೆಗೆದದ್ದು" ಎಂದರು. ಆ ಮಾತು ನನ್ನೊಳಗೆ ಹೊಲಿಗೆಗಿಂತ ಆಳಕ್ಕೆ ಇಳಿಯಿತು. ಹೊಲಿಗೆ ಮಾಯಿತು.

ನಮ್ಮ ಮನೆಯವರು ಉರ್ದು ಮಾಧ್ಯಮದಲ್ಲಿ ಮ್ಯಾಟ್ರಿಕ್ ಮಾಡಿದವರು, ಇಂಗ್ಲಿಷ್ ಬರೆಯಬಲ್ಲವರು. ಮುಂಬೈಗೆ ಹೋಗಿ ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತರಾದರು. ಕಂಪನಿ ಅವರನ್ನು ಏಡನ್ನಿಗೆ ಕಳಿಸಿತು. ಶಾಂತಾಳನ್ನು ಕಟ್ಟಿಕೊಂಡು ನಾನೂ ಹೋದೆ. ಹುಲ್ಲುಕಡ್ಡಿಯೂ ಇಲ್ಲದ ಕರಿಗುಡ್ಡ, ಅದರ ಬುಡದಲ್ಲಿ ಊರು, ಎದುರಿಗೆ ಹಡಗುಗಳ ಸಾಲು. ಪಕ್ಕದ ಮನೆಯಲ್ಲಿ ಜಮನಾಬೆನ್ ಎಂಬ ಗುಜರಾತಿ ಮುದುಕಿ. ಆಕೆಯ ಗುಜರಾತಿ, ನನ್ನ ದಖ್ಖನಿ ಉರ್ದು ಸೇರಿ ಯಾವ ದೇಶದಲ್ಲೂ ಇಲ್ಲದ ಒಂದು ಭಾಷೆಯಲ್ಲಿ ನಾವಿಬ್ಬರೂ ಚೆನ್ನಾಗಿ ಜಗಳವಾಡುತ್ತಿದ್ದೆವು.

ಮತ್ತೆ ಬಸಿರಾದಾಗ ಹೆರಿಗೆಗೆ ಭಾಲ್ಕಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ವಿಲಾಯತಿಯಿಂದ ಮುಂಬೈಗೆ ಹೋಗುವ ಹಡಗಿನಲ್ಲಿ ಜಾಗವೂ ಸಿಕ್ಕಿತ್ತು. ಅಷ್ಟರಲ್ಲಿ ಸೂಯೆಜ್ ಕಾಲುವೆಯ ಹತ್ತಿರ ಲಡಾಯಿ ಹತ್ತಿ ಕಾಲುವೆಯೇ ಮುಚ್ಚಿಹೋಯಿತು. ನಮ್ಮ ಹಡಗು ಏಡನ್ನಿಗೆ ಬಾರದೆ ಆಫ್ರಿಕಾ ಸುತ್ತುಹಾಕಿಕೊಂಡು ಹೋಯಿತಂತೆ. ಬೇರೆ ಹಡಗು ಹುಡುಕುವಷ್ಟರಲ್ಲಿ ನನಗೆ ಎಂಟು ತುಂಬಿತು. ಅಂಥ ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ಹಡಗಿನವರು ಕೈ ಅಲ್ಲಾಡಿಸಿಬಿಟ್ಟರು. ದೊಡ್ಡದೊಡ್ಡ ದೇಶಗಳು ಕಾಲುವೆಗಾಗಿ ಜಗಳವಾಡಿದರೆ ಭಾಲ್ಕಿಯ ಹೆಣ್ಣುಮಗಳ ಬಾಣಂತನ ಕೆಡುತ್ತದೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಅದೇ ಹೊತ್ತಿಗೆ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಸುದ್ದಿಯೂ ಬಂತು. ನಾವೀಗ ಮೈಸೂರಿನವರು ಎಂದು ಜಮನಾಬೆನ್‌ಗೆ ಹೇಳಿದೆ. ಆಕೆ ನನ್ನ ಹೊಟ್ಟೆಯನ್ನೊಮ್ಮೆ, ಮನೆಯನ್ನೊಮ್ಮೆ ನೋಡಿ, "ನೀನು ಎದ್ದೇ ಇಲ್ಲವಲ್ಲ, ಯಾವಾಗ ಹೋದೆ?" ಎಂದು ಕೇಳಿದಳು.

ಏಡನ್ನಿನ ದವಾಖಾನೆಯ ದೊಡ್ಡ ಡಾಕ್ಟರಮ್ಮ ವಿಲಾಯತಿಯವರು, ಎತ್ತರದ ಆಳು. ನನಗೆ ಇಂಗ್ಲಿಷ್ ಬಾರದು, ಆದ್ದರಿಂದ ಮನೆಯವರು ನಡುವೆ ನಿಂತರು. ನಾವಿಬ್ಬರೂ ಮನೆಯಲ್ಲಿ ಕನ್ನಡ ಮಾತಾಡುವವರೇ. ಆದರೆ ಡಾಕ್ಟರು ಕೇಳುವ ಅಂಗಾಂಗಗಳ ಹೆಸರನ್ನು ಹೆಂಡತಿಯ ಮುಂದೆ ಕನ್ನಡದಲ್ಲಿ ಹೇಳಲು ಅವರಿಗೆ ಸಂಕೋಚ. ಸಾಲೆಯಲ್ಲಿ ಕಲಿತ ಭಾರೀ ಉರ್ದುವಿನಲ್ಲಿ ದರ್ಬಾರಿನಲ್ಲಿ ನಿಂತವರ ಹಾಗೆ ಹೇಳಿದರು. ನನಗೆ ಗೊತ್ತಿದ್ದದ್ದು ಭಾಲ್ಕಿಯ ಬಳೆಗಾರನ ಜೊತೆ ಚೌಕಾಸಿ ಮಾಡುವ ಉರ್ದು. "ಏನಂತಾರ್ರಿ ಅವ್ರು?" ಎಂದೆ. ಅವರು ಕೆಂಪಗಾಗಿ, "ಅದs... ಒಳಗಿಂದು" ಎಂದರು. "ಒಳಗಿಂದು ಅಂದ್ರ? ಹೊಟ್ಟಿಯೊಳಗ ಭಾಳ ಸಾಮಾನ ಅದಾವ್ರಿ!" ಎಂದು ನಾನು ರೇಗಿದೆ. ಕಡೆಗೆ ಕೂಸು ಅಡ್ಡ ಇದ್ದದ್ದನ್ನು ಕೈಯಿಂದ ತೋರಿಸಿ, ಹೈದರಾಬಾದಿನ ಡಾಕ್ಟರಮ್ಮನ ಮಾತನ್ನು ಕಲಿತ ಹಾಗೇ ಒಪ್ಪಿಸಿದೆ. ಇವರು ಅದನ್ನು ಇಂಗ್ಲಿಷಿಗೆ ತಂದರು. ದೊಡ್ಡ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಈ ಸಲ ಕೂಸಿನ ತಲೆ ಕೆಳಗೇ ಇದೆ, ಕಾದು ನೋಡೋಣ, ಹಳೆಯ ಹೊಲಿಗೆಯ ಜಾಗದಲ್ಲಿ ನೋವು ಬಂದರೆ ಮಾತ್ರ ತಡ ಮಾಡದೆ ಕೊಯ್ಯುತ್ತೇನೆ ಎಂದರು. ಹೊಲಿಗೆ ಬಿಚ್ಚಿದರೆ ಏನಾಗುತ್ತದೆಂದು ನಾನು ಕೇಳಿದೆ. ಡಾಕ್ಟರಮ್ಮ ಕೊಟ್ಟ ಉತ್ತರವನ್ನು ಇವರು ಯಾವ ಭಾಷೆಯಲ್ಲೂ ನನಗೆ ಹೇಳಲಿಲ್ಲ.

ಬ್ಯಾನೆ ಶುರುವಾದದ್ದು ಒಂದು ಮುಂಜಾನೆ ರೊಟ್ಟಿ ಬಡಿಯುವಾಗ. ಬ್ಯಾನೆ ಎಂದು ನನಗೆ ಗೊತ್ತಾಗಲಿಲ್ಲ, ಹಿಂದಿನ ದಿನದ ಕಡಲೆಬೇಳೆ ಎಂದುಕೊಂಡೆ. ಜಮನಾಬೆನ್ ಬಂದು ನನ್ನ ಮುಖ ನೋಡಿದವಳೇ ಹಂಚು ಇಳಿಸಿ, ಶಾಂತಾಳನ್ನು ಕಂಕುಳಿಗೆ ಹಾಕಿಕೊಂಡು, ನನ್ನನ್ನು ದವಾಖಾನೆಗೆ ಅಟ್ಟಿದಳು. ಬಂದರಿನಲ್ಲಿ ಹಡಗಿಲ್ಲದೆ ಕೆಲಸವೂ ಇಲ್ಲದ ನಮ್ಮ ಮನೆಯವರು ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಮರಿಯಮ್ ಎಂಬ ನರ್ಸು, ಅರಬ್ಬಿನವಳು, ಹಿಂದಿ ಚೆನ್ನಾಗಿ ಆಡುತ್ತಿದ್ದಳು. "ಎರಡನೆಯದಲ್ಲವೇ? ಎಲ್ಲಾ ಗೊತ್ತೇ ಇರುತ್ತದೆ" ಎಂದಳು. ನಾನು ದೊಡ್ಡಸ್ತಿಕೆಯಿಂದ ತಲೆಯಾಡಿಸಿದೆ. ಗೊತ್ತಿರುವವಳೆಂದು ಆಕೆ ಬೇರೆ ಹಾಸಿಗೆಗಳ ಕಡೆ ಹೋದಳು. ಬ್ಯಾನೆ ಏರುತ್ತ ಹೋಯಿತು. ಯಾವಾಗ ಉಸಿರು ಬಿಗಿ ಹಿಡಿಯಬೇಕು, ಯಾವಾಗ ಬಿಡಬೇಕು, ಕೂಗಬಹುದೋ ಕೂಗಬಾರದೋ, ನನಗೆ ಒಂದೂ ತಿಳಿಯದು. ನಾಲ್ಕು ವರ್ಷದ ಮಗಳಿದ್ದಾಳೆ, ಆದರೆ ನಾನು ಹಡೆದವಳಲ್ಲ! ಕಡೆಗೆ ಮರ್ಯಾದೆ ಬಿಟ್ಟು, "ಮರಿಯಮ್, ಮೇರೆಕೂ ಕುಚ್ ಮಾಲೂಂ ನೈ! ಅವತ್ತು ನಾನು ಮಲಗಿದ್ದೆ!" ಎಂದು ಅರಚಿದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಓಡಿ ದೊಡ್ಡ ಡಾಕ್ಟರಮ್ಮನನ್ನು ಕರೆತಂದಳು.

ಆಮೇಲೆ ಆ ಡಾಕ್ಟರಮ್ಮ ಏಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಹಳೆಯ ಹೊಲಿಗೆಯ ಮೇಲೆ ಅಂಗೈ ಇಟ್ಟವರು ಇಟ್ಟೇ ಇದ್ದರು. ಅವರಿಗೆ ಬರುತ್ತಿದ್ದ ಹಿಂದಿಯೆಲ್ಲ ಮನೆಯ ಆಳುಗಳಿಗೆ ಹುಕುಂ ಮಾಡುವ ಹಿಂದಿ. ಬ್ಯಾನೆ ಬಂದಾಗಲೆಲ್ಲ "ಜಲ್ದಿ ಲಾವ್! ಜಲ್ದಿ ಲಾವ್!" ಎನ್ನುತ್ತಿದ್ದರು. "ತರ್ಲಿಕ್ಕ ಇದೇನ್ ಚಹಾ ಏನ್ರಿ?" ಎಂದು ನಾನು ಅಚ್ಚ ಕನ್ನಡದಲ್ಲಿ ಕೂಗಿದೆ. ಅವರಿಗೆ "ಚಹಾ" ಒಂದು ಅರ್ಥವಾಯಿತು. ನನಗೆ ಚಹಾ ತರಿಸಿಕೊಟ್ಟರು.

ಚಹಾ ಅರ್ಧವಾಗಿತ್ತು. ಬ್ಯಾನೆಯ ಜೊತೆ ಇನ್ನೊಂದು ನೋವು ಬಂತು, ಕೆಳಗೆ, ಹೊಲಿಗೆಯ ಉದ್ದಕ್ಕೂ ಚಾಕು ಎಳೆದ ಹಾಗೆ. ಡಾಕ್ಟರಮ್ಮನ ಮುಖ ಬದಲಾಯಿತು. ಅವರು ಮರಿಯಮ್‌ಗೆ ಏನೋ ಹೇಳಿದರು. ಹೊರಗೆ ಚಕ್ರದ ಮಂಚ ಎಳೆಯುವ ಸದ್ದು ಕೇಳಿಸಿತು. ನಮ್ಮ ಮನೆಯವರನ್ನು ಒಪ್ಪಿಗೆ ಕೇಳಲು ಬಾಗಿಲಿಗೆ ಕರೆದರು. ಇವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಉರ್ದು ಬರಲಿಲ್ಲ. "ಹೆದರಬ್ಯಾಡ. ಹೊಟ್ಟಿ ಕೊಯ್ದರ ಕೊಯ್ಯವಲ್ಲರ್ಯಾಕ. ನೀ ಇರಬೇಕು, ಅಷ್ಟs ಸಾಕು ನನಗ" ಎಂದರು. ಮದುವೆಯಾದಾಗಿನಿಂದ ಆ ಮನುಷ್ಯ ನನ್ನ ಜೊತೆ ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಅಳು ಬಂತು. ಅಳುವಿನ ಜೊತೆಗೇ ಒಂದು ದೊಡ್ಡ ಬ್ಯಾನೆ ಬಂತು. ಡಾಕ್ಟರಮ್ಮ ಒಮ್ಮೆ ಬಗ್ಗಿ ನೋಡಿದವರೇ ಮಂಚವನ್ನು ಅಲ್ಲೇ ನಿಲ್ಲಿಸಿ ಎಂದು ಕೈ ತೋರಿ, "ಲಾವ್!" ಎಂದರು. ತಂದೇಬಿಟ್ಟೆ. ಗಂಡು ಕೂಸು. ಹೊಲಿಗೆ ಹಿಡಿದುಕೊಂಡಿತ್ತು. ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಸಿದು ಕೂತು, ನನ್ನ ಉಳಿದ ತಣ್ಣನೆಯ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಕಾಲುವೆ ತೆರೆದು, ಹಡಗು ಬಂದು, ಕೂಸಿನೊಂದಿಗೆ ನಾವು ಡಾಬಕಾ ಮುಟ್ಟಿದ್ದು ಮಳೆಗಾಲದ ಮೊದಲು. ಅತ್ತೆಗೆ ಹೇಳಬೇಕಾದ ಭಾಷಣವನ್ನು ಸಮುದ್ರದ ಉದ್ದಕ್ಕೂ ತಯಾರು ಮಾಡಿಕೊಂಡಿದ್ದೆ. ಕೈಕಾಲು ತೊಳೆದವಳೇ ಶುರುಮಾಡಿದೆ: "ಈ ಸಲ ಯಾರೂ ತೆಗೀಲಿಲ್ಲ ನೋಡ್ರಿ, ನಾನs ಹಡದೀನಿ." ಅತ್ತೆ ಕುರಿಮರಿಗೆ ಸೊಪ್ಪು ಕೊಡುತ್ತ ಪೂರ್ತಿ ಕೇಳಿದರು. ಆಮೇಲೆ, "ನನ್ನ ಮೊದಲಿನ ಕೂಸೂ ಅಡ್ಡs ಇತ್ತು" ಎಂದರು. ನಮ್ಮ ಮನೆಯವರೇ ಅವರಿಗೆ ಹಿರಿಯ ಮಗ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ. "ಮತ್ತ್ ಏನಾತ್ರಿ?" ಎಂದೆ. "ಏನಾಗ್ತದ? ತೆಗಿಯವರು ಯಾರಿದ್ರು ಆವಾಗ? ನಾ ಉಳಿದೆ, ಅದು ಉಳೀಲಿಲ್ಲ." ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ಭಾಷಣದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಅಲ್ಲಿ ಮುಂದುವರಿಸಲಿಲ್ಲ.

ಅಲ್ಲಿ ಉಳಿದದ್ದನ್ನು, ನಾವು ಏಡನ್ನಿಗೆ ಮರಳದೆ ಬೀದರದಲ್ಲಿ ಮನೆ ಮಾಡಿದ ಮೇಲೆ ಪೂರೈಸಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಊರಲ್ಲಿ ನನಗೆ ಏಡನ್ ಬಾಯಿ ಎಂದೇ ಹೆಸರು ಬಿತ್ತು. ಎರಡು ವರ್ಷಕ್ಕೆ ಮೂರನೆಯದು. ಈ ಸಲ ಬೀದರದ ದವಾಖಾನೆ, ಹೊಸದಾಗಿ ಧಾರವಾಡದ ಕಡೆಯಿಂದ ಬಂದ ಡಾಕ್ಟರಮ್ಮ, ಭಾಷೆಯ ತೊಂದರೆ ಇಲ್ಲ. ಬ್ಯಾನೆ ಏರಿದ ಕೂಡಲೇ ನಾನು ಸ್ವಚ್ಛ ಕನ್ನಡದಲ್ಲಿ ಆಕೆಯ ಕೈ ಹಿಡಿದು ಬೇಡಿಕೊಂಡೆ: "ನನ್ನ ಕೈಲಿ ಆಗೂದಿಲ್ರಿ. ಕೊಯ್ದು ತೆಗೀರಿ, ಮೂಗಿಗೆ ಔಷಧ ಹಿಡೀರಿ." ಆಕೆ ಹೊಲಿಗೆಯ ಜಾಗ ಮುಟ್ಟಿ ನೋಡಿ, ಎಲ್ಲ ಸರಿಯಿದೆಯೆಂದು ಕೈ ಬಿಡಿಸಿಕೊಂಡು ನಕ್ಕಳು. "ಏಡನ್ ಬಾಯಿ ಅಂದ್ರ ನೀವs ಅಲ್ಲೇನ್ರಿ? ನಿಮ್ಮ ಕಥಿ ಹೇಳೇ ನಾ ಇಲ್ಲಿ ಬಸುರ್ಯಾರಿಗೆ ಧೈರ್ಯ ಕೊಡ್ತೀನಿ. ಪರದೇಶದಾಗ ಹಡೆದವರಿಗೆ ಇದ್ಯಾವ ಲೆಕ್ಕ?" ಎಂದಳು. ಆ ಕೂಸೂ ತಾನಾಗಿಯೇ ಬಂತು, ಹೆಣ್ಣು. ಆದರೆ ಆ ಹೆರಿಗೆಯ ಕಥೆಯನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನನ್ನ ಕೂಗಿಗೆ ದವಾಖಾನೆಯ ಗೇಟಿನ ಹೊರಗೆ ನಿಂತಿದ್ದ ಟಾಂಗಾದ ಕುದುರೆ ಬೆದರಿ ಸವಾರಿ ಇಲ್ಲದೆಯೇ ಓಡಿತ್ತಂತೆ.