ಸೀಟು ತುಂಬದೆ ಕಾಫಿ ಬಿಡೂದಿಲ್ಲ

ಬುಧವಾರ ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ, ಚಿಕ್ಕೋಡಿಯ ಒಂದು ಬಟ್ಟೆ ಅಂಗಡಿಯಲ್ಲಿ, ನಮ್ಮ ಕಾಕಾ ಕಾಫಿ ಮಷಿನ್ನಿನ ನೆತ್ತಿಗೆ ತಂತಿ ಬಿಗಿದ. ಎಲ್ಲ ಕೆಡಲು ಶುರುವಾದದ್ದು ಆಗ. ಹೊತ್ತು ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದರೆ, ಅದೇ ಕ್ಷಣ ನಾನು ಒಂದು ಬಿಲ್ಲು ತೆಗೆದಿದ್ದೆ, ಬಿಲ್ಲಿನ ತಲೆಯ ಮೇಲೆ ಕಂಪ್ಯೂಟರು ತಾನಾಗಿಯೇ ಹೊತ್ತು ಒತ್ತುತ್ತದೆ. ಆ ಬಿಲ್ಲು ಇನ್ನೂ ನನ್ನ ಪರ್ಸಿನಲ್ಲಿದೆ. ಅದರ ಒಂದು ಮೂಲೆ ಹಾಲು ಕುಡಿದು ಗಟ್ಟಿಯಾಗಿದೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಕಾನಿಗೆ ಕಾಫಿ ಮಾಡಲು ಬರುವುದಿಲ್ಲ. ಆತ ಕಾಫಿಯನ್ನು ಓಡಿಸುತ್ತಾನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿ ಕೂದಲು ಉದುರಿಸಿಕೊಂಡವನು. ಚಿಕ್ಕೋಡಿ, ರಾಯಬಾಗ, ಕುಡಚಿ, ಅಥಣಿ. ಅಥಣಿ, ಕುಡಚಿ, ರಾಯಬಾಗ, ಚಿಕ್ಕೋಡಿ. ಭೂಮಿ ದುಂಡಗಿದೆ ಎಂದರೆ ಆತ ಒಪ್ಪುವುದಿಲ್ಲ. ಅದು ಅಥಣಿಯಲ್ಲಿ ಮುಗಿಯುತ್ತದೆ, ಅಲ್ಲಿಂದ ಗಾಡಿ ತಿರುಗಿಸಬೇಕು. ಕುಡಚಿಯಲ್ಲಿ ರೈಲು ಹಿಡಿಯುವವರು ಬಸ್ಸು ಹತ್ತಿದ ಕೂಡಲೇ ತೂಕಡಿಸುತ್ತಿದ್ದರು. ಕಾಕಾ ಅವರ ಭುಜ ತಟ್ಟಿ, "ಮಲಕೋರಿ, ಕುಡಚಿ ಬಂದ್ರ ಎಬ್ಬಸ್ತೀನಿ" ಎನ್ನುತ್ತಿದ್ದ. ಒಬ್ಬರನ್ನೂ ಮರೆತು ಮುಂದೆ ಒಯ್ದವನಲ್ಲ. ಈ ಒಂದು ವಿಷಯಕ್ಕೆ ಆತನಿಗೆ ಇರುವ ಗರ್ವವನ್ನು ಹೊರಲು ಇನ್ನೊಂದು ಬಸ್ಸು ಬೇಕು.

ನಿವೃತ್ತಿಯಾದ ಮೇಲೆ ಮನೆಯನ್ನೇ ಬಸ್ಸು ಮಾಡಿದ. ಊಟಕ್ಕೆ ಕೂತವರ ತಲೆ ಎಣಿಸುವುದು, ಬಚ್ಚಲ ಬಾಗಿಲು ಬಡಿದು "ಸ್ಟಾಪ್ ಬಂತು, ಇಳೀರಿ" ಅನ್ನುವುದು, ಕೊರಳಲ್ಲಿ ಸದಾ ಕಂಡಕ್ಟರಿಕೆಯ ಆ ಪೀಪಿ. ಆತನ ಹೆಂಡತಿ, ನಮ್ಮ ಕಾಕು, ಮೊಮ್ಮಗಳ ಲಂಗ ಖರೀದಿಗೆ ಹೋದಾಗ ನಮ್ಮ ಅಂಗಡಿಯ ಸಾವ್ಕಾರನ ಮುಂದೆ ಕೈ ಮುಗಿದಳಂತೆ: "ಅಣ್ಣಾರ, ಈ ಮನಶ್ಯಾನ್ನ ಎಲ್ಲಿಗರ ಡ್ಯೂಟಿಗೆ ಹಚ್ಚರಿ. ಪಗಾರ ಬೇಕಾದ್ರ ನಾನ ಕೊಡ್ತೀನಿ."

"ನಮ್ಮ ಅಂಗಡಿ" ಎಂದೆ. ಬಿ.ಎಸ್ಸಿ. ಮುಗಿಸಿ ಅಲ್ಲಿ ಬಿಲ್ಲು ಹೊಡೆಯುವವಳು ನಾನು. ಹಾಗಾಗಿ ಕಾಕಾ ಬಂದ ದಿನದಿಂದ ಎಲ್ಲಕ್ಕೂ ಸಾಕ್ಷಿ ನಾನೇ, ದುರ್ದೈವಕ್ಕೆ.

ಬಟ್ಟೆ ಅಂಗಡಿಯಲ್ಲಿ ಕಾಫಿ ಯಾಕೆ ಅಂದಿರಾ? ಗಂಡಂದಿರ ಸಲುವಾಗಿ. ಹೆಂಡತಿ ಹತ್ತನೆಯ ಸೀರೆ ಬಿಚ್ಚಿಸುವ ಹೊತ್ತಿಗೆ ಗಂಡ ಆಕಳಿಸುತ್ತಾನೆ. ಹನ್ನೊಂದನೆಯದಕ್ಕೆ "ನಡಿ, ಬಸ್ಸ ಹೋಗತೈತಿ" ಎಂದು ಎಬ್ಬಿಸಿಕೊಂಡು ಹೋಗುತ್ತಾನೆ. ಅವನ ಕೈಗೊಂದು ಕಪ್ಪು ಕೊಟ್ಟು ಕೂಡಿಸಿದರೆ ಹೆಂಡತಿ ಇಪ್ಪತ್ತನೆಯದನ್ನೂ ನೋಡುತ್ತಾಳೆ ಎಂಬುದು ಸಾವ್ಕಾರನ ಲೆಕ್ಕ. ಕೊಲ್ಹಾಪುರದಿಂದ ಒಂದು ಹಳೆಯ ಮಷಿನ್ನು ತಂದ. ಮದುವೆ ಮಂಟಪಗಳಲ್ಲಿ ನೋಡಿರುತ್ತೀರಿ: ಫಳಫಳ ಹೊಳೆಯುವ ಬಾಯ್ಲರು, ಕೆಳಗೆ ಗ್ಯಾಸಿನ ಬೆಂಕಿ, ಹಾಲಿಗೆ ಆವಿ ಊದುವ ಕೊಳವೆ, ಒತ್ತಡ ತೋರಿಸುವ ಒಂದು ಮುಳ್ಳು, ಮತ್ತು ನೆತ್ತಿಯ ಮೇಲೆ ಹೆಚ್ಚಾದ ಆವಿ ಬಿಡುವ ಒಂದು ಗುಂಡಿ. ಆ ಗುಂಡಿ ದಿನವಿಡೀ ಹಲ್ಲುಸಂದಿನಲ್ಲಿ ಗಾಳಿ ಎಳೆದಂತೆ ಸುಂಯ್ ಎನ್ನುತ್ತಿತ್ತು.

ಆದರೆ ನಮ್ಮದು ಚಹಾದ ನಾಡು. ಇಲ್ಲಿ ಬಂದವರಿಗೆ ಚಹಾ ಕೊಡದಿದ್ದರೆ ಅವಮಾನ, ಕಾಫಿ ಕೊಟ್ಟರೆ ಅನುಮಾನ. "ಯಾಕ್ರಿ, ಮನ್ಯಾಗ ಯಾರಿಗರ ಜ್ವರಾ?" ಎಂದು ಕೇಳುತ್ತಾರೆ. ಮೊದಲು ಕೌಂಟರಿನಲ್ಲಿ ನಿಂತಿದ್ದವನು ಹೋಟೆಲ್ ಕೋರ್ಸು ಓದಿದವನು. ಅವನ ಕಾಫಿ ಮುಂಜಾನೆ ಕಷಾಯ, ಮಧ್ಯಾಹ್ನ ಪಾಯಸ, ಸಂಜೆ ಕೈತೊಳೆದ ನೀರು. ಒಂದು ದಿನ ಹೇಳದೆ ಕೇಳದೆ ಪುಣೆಗೆ ಹೋದ. ಸಾವ್ಕಾರ ಕಾಕಾನನ್ನು ನಿಲ್ಲಿಸಿ ಸ್ಪಷ್ಟವಾಗಿಯೇ ಹೇಳಿದ್ದ: "ಈ ಲಗ್ನದ ಸೀಜನ್ ನೋಡ್ತೀನಿ. ನಡೀಲಿಲ್ಲಂದ್ರ ಕಿತ್ತ ಹಾಕಿ ಅಲ್ಲಿ ಲೆಗ್ಗಿಂಗ್ಸ್ ಇಡ್ತೀನಿ."

ಒಬ್ಬ ಕಂಡಕ್ಟರ್ ಲೆಗ್ಗಿಂಗ್ಸಿಗೆ ಸೋತು ಮನೆಗೆ ಹೋಗುವುದೆಂದರೇನು? ಅದೂ ಬಚ್ಚಲ ಬಾಗಿಲು ಬಡಿಯುವ ಉದ್ಯೋಗಕ್ಕೆ?

ಮರುದಿನವೇ ಕೌಂಟರು ಬಸ್ಸಾಯಿತು. ಕಾಫಿ ಬೇಕಾದವರು ಮೊದಲು ಟಿಕೀಟು ತಗೊಳ್ಳಬೇಕು. ಟಿಕೀಟು ತಗೊಂಡವರು ಬೆಂಚಿನ ಮೇಲೆ ಕೂರಬೇಕು. ಆರು ಸೀಟು ತುಂಬುವವರೆಗೆ ಕಾಫಿ ಇಲ್ಲ. ನಿಪ್ಪಾಣಿಯ ಒಬ್ಬ ದೊಡ್ಡ ಮನುಷ್ಯ ಬಂದು ಮರಾಠಿಯಲ್ಲಿ ಒಂದು ಕಾಫಿ ಕೇಳಿದರೆ, ಕಾಕಾ "ಏಕಟ್ಯಾಸಾಠಿ ಗಾಡಿ ಸುಟತ ನಾಹೀ" ಎಂದ, ಒಬ್ಬರಿಗಾಗಿ ಗಾಡಿ ಬಿಡೂದಿಲ್ಲ ಎಂದು. ಆ ಮನುಷ್ಯ ಸಿಟ್ಟಾಗಬೇಕಿತ್ತಲ್ಲವೇ? ತಾನೇ ಎದ್ದು ಸೀರೆ ವಿಭಾಗಕ್ಕೆ ಹೋಗಿ, "ಇನ್ನೊಂದ ಸೀಟ ಐತಿ, ಲಗೂ ಬರ್ರಿ, ಬಿಡಾಕತ್ತಾನ" ಎಂದು ಅಪರಿಚಿತನೊಬ್ಬನನ್ನು ಎಳೆದು ತಂದ. ಹುಟ್ಟಿದಾಗಿನಿಂದ ಬಸ್ಸಿಗೆ ಕಾದವರು ನಾವು. ಕಾಯಿಸಿದ್ದಕ್ಕೆ ಬೆಲೆ ಕೊಟ್ಟೇ ರೂಢಿ.

ಸೀಟು ತುಂಬಿದರೆ ಎರಡು ಪೀಪಿ, ಆರು ಕಪ್ಪಿನ ಹಾಲು ಒಂದೇ ಪಾತ್ರೆಯಲ್ಲಿ. ಆರೂ ಜನರಿಗೆ ಒಂದೇ ಬಣ್ಣ, ಒಂದೇ ಸಿಹಿ, ಜೊತೆಗೆ ಸುರಿದುಕೊಂಡು ಕುಡಿಯಲು ಬಶಿ. ಹೋಟೆಲ್ ಕೋರ್ಸಿನವನಿಗೆ ಹೊಳೆಯದ ಉಪಾಯ ಇದು: ರುಚಿ ಕೆಟ್ಟರೂ ಎಲ್ಲರಿಗೂ ಕೂಡಿಯೇ ಕೆಡುತ್ತದೆ, ಹಾಗಾಗಿ ತಕರಾರಿಲ್ಲ. ಕುಡಿದವರನ್ನು ಕಾಕಾ ಅಲ್ಲೇ ನಿಲ್ಲಗೊಡುತ್ತಿರಲಿಲ್ಲ. "ಮುಂದ ಸರೀರಿ, ಮುಂದ ಜಾಗಾ ಖಾಲಿ ಐತಿ" ಎಂದು ನೂಕುತ್ತ ನೂಕುತ್ತ ರೇಷ್ಮೆ ಸೀರೆಗಳವರೆಗೆ ಮುಟ್ಟಿಸುತ್ತಿದ್ದ. ಕೌಂಟರಿನ ವ್ಯಾಪಾರ ಏರಿತು, ಸೀರೆಯದೂ ಏರಿತು. ಸಾವ್ಕಾರ ಲೆಗ್ಗಿಂಗ್ಸಿನ ಮಾತು ಕಡಿಮೆ ಮಾಡಿದ.

ತಲೆ ಎಣಿಸುವ ಚಟ ಮಾತ್ರ ಹೋಗಲಿಲ್ಲ. ಹೊತ್ತು ಹೊತ್ತಿಗೆ ಅಂಗಡಿಯಲ್ಲಿದ್ದವರನ್ನೆಲ್ಲ ಬೆರಳು ಮಾಡಿ ಎಣಿಸಿ, ಕಾಫಿ ಹಿಡಿದ ನನ್ನ ಮುಂದೆ ಬಂದು ನಿಲ್ಲುತ್ತಿದ್ದ. "ಟಿಕೀಟಿಗೂ ತಲಿಗೂ ತಾಳೆ ಆಗವಲ್ದು. ನಿನ್ನ ಟಿಕೀಟ?"

"ನಾ ಸ್ಟಾಫ್ ಕಾಕಾ."

"ಸ್ಟಾಫ್ ಇದ್ರ ಪಾಸ್ ತೋರಸು. ಇಲ್ಲಂದ್ರ ವಿದೌಟ್ ಟಿಕೀಟ."

ಅಂದಿನಿಂದ ಇಡೀ ಅಂಗಡಿಗೆ ನನ್ನ ಹೆಸರು ವಿದೌಟ್.

ಆ ಬುಧವಾರ ಒಂದು ಬಸ್ತಾ ಬಂತು. ಬಸ್ತಾ ಅಂದರೆ ನಮ್ಮ ಕಡೆ ಲಗ್ನದ ಜವಳಿ ಖರೀದಿ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಟೆಂಪೋ ಮಾಡಿಕೊಂಡು ಒಟ್ಟಿಗೆ ಬಂದು, ಚಾಪೆಯ ಮೇಲೆ ಎದುರುಬದುರು ಕೂತು, ಅರ್ಧ ದಿನ ಅಂಗಡಿಯನ್ನು ಬಿಚ್ಚಿಸುತ್ತಾರೆ. ಬಾಯಲ್ಲಿ ಸೀರೆಯ ಮಾತು, ಕಣ್ಣೆಲ್ಲ ಯಾರಿಗೆ ಎಷ್ಟು ಮಾನ ಸಿಕ್ಕಿತು ಎಂಬುದರ ಮೇಲೆ. ಗಂಡಿನವರು ಹಾರೂಗೇರಿಯವರು, ಅವರಿಗೆ ವರನ ಸೋದರಮಾವ ಮುಖಂಡ. ಹೆಣ್ಣಿನವರು ಶೇಡಬಾಳದವರು, ಅವರಿಗೆ ವಧುವಿನ ಅಜ್ಜಿ.

ಮೊದಲ ಟ್ರಿಪ್ಪು ಹಾರೂಗೇರಿಗೆ ಹೋಯಿತು, ಗಡ್ಡ ಬಿಟ್ಟಷ್ಟು ನೊರೆ. ಎರಡನೆಯದು ಶೇಡಬಾಳಕ್ಕೆ ಬರುವಷ್ಟರಲ್ಲಿ ನೆತ್ತಿಯ ಗುಂಡಿ ಜೋರಾಗಿ ಸೋರಿ ಆವಿ ಕುಂದಿತ್ತು. ನೊರೆ ಏಳಲಿಲ್ಲ.

ಅಜ್ಜಿ ಬಶಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಏ ತಮ್ಮಾ, ಅವರ ಬಶ್ಯಾಗ ನೊರಿ ಕುಣ್ಯಾಕತ್ತೈತಿ, ನಮ್ಮ ಬಶ್ಯಾಗ ನೀರ ನಿಂತೈತಿ. ಹೆಣ್ಣಿನ ಕಡಿಯವರಂದ್ರ ಇಷ್ಟನ?"

"ಮಷಿನ್ನ ಮಾಡಿದ್ದಕ್ಕ ನಮಗ್ಯಾಕ ಅಂತೀರಿ?" ಎಂದ ಸೋದರಮಾವ. "ನಾವೇನ ಊರಿಂದ ನೊರಿ ಹೊತಗೊಂಡ ಬಂದೇವೇನು?"

"ನೀವ ಏನ ಹೊತಗೊಂಡ ಬರತೀರಿ ಅನ್ನೂದ ಗೊತ್ತೈತಿ ಬಿಡ್ರಿ. ನಿಶ್ಚಯಕ್ಕ ಬಂದಾಗೂ ಹೋಳಗಿ ಎಲ್ಲಾ ನೀವ ಉಂಡ ಹೋದ್ರಿ, ನಮಗ ಉಳದಿದ್ದು ಸಾರು."

"ಹಸದವರಿಗೆ ನೀಡಿ ಎಣಸ್ತಾರೇನ ಅಜ್ಜಿ?"

"ನಾ ಎಣಿಸಿಲ್ಲ. ಬುಟ್ಟಿ ಖಾಲಿ ಆಗಿದ್ದ ಕಂಡೇನಿ."

ಮಾತು ನೊರೆಯಿಂದ ಹೋಳಿಗೆಗೆ, ಹೋಳಿಗೆಯಿಂದ ವರನ ಅಣ್ಣನ ಲಗ್ನಕ್ಕೆ, ಅಲ್ಲಿಂದ ಎಲ್ಲಿಗೋ ಹೋಯಿತು. ವಧು ಕೈಯಲ್ಲಿದ್ದ ಸೀರೆಯನ್ನು ಮೆಲ್ಲಗೆ ಕೆಳಗಿಟ್ಟಳು. ಸಾವ್ಕಾರ ಕೌಂಟರನ್ನು ದಿಟ್ಟಿಸಿ ನೋಡಿದ. ಅವನ ಕಣ್ಣಲ್ಲಿ ಆಗಲೇ ಲೆಗ್ಗಿಂಗ್ಸ್ ತೂಗಾಡುತ್ತಿದ್ದವು.

"ನನ್ನ ಗಾಡ್ಯಾಗ ಹೆಣ್ಣಿನ ಕಡೆ ಗಂಡಿನ ಕಡೆ ಇಲ್ರಿ," ಎಂದ ಕಾಕಾ. "ಎಲ್ಲಾರಿಗೂ ಒಂದ ಸಮ." ಕಿಸೆಯಿಂದ ತಂತಿ ತೆಗೆದ. ನಮ್ಮ ಕಡೆಯ ಯಾವ ಬಸ್ಸನ್ನಾದರೂ ನೋಡಿ. ಬಾಗಿಲು, ಬಾನೆಟ್ಟು, ಕನ್ನಡಿ ಎಲ್ಲವೂ ನಿಂತಿರುವುದು ತಂತಿಯ ಮೇಲೆ. ಸೋರುವ ಗುಂಡಿಗೆ ಒಬ್ಬ ಕಂಡಕ್ಟರಿಗೆ ಬೇರೆ ಏನು ಹೊಳೆದೀತು?

"ಕಾಕಾ, ಅದನ್ನ ಕಟ್ಟಬ್ಯಾಡ," ಎಂದೆ ನಾನು. "ಅದು ಇರೂದ ಸೋರಲಿ ಅಂತ."

"ಬಿ.ಎಸ್ಸಿ.ಯವರು ಬಿಲ್ಲ ಹೊಡೀರಿ. ಈ ತಂತಿ ಮ್ಯಾಲ ನಮ್ಮ ಬಸ್ಸಿನ ಬಾಗಲಾ ವರ್ಷಗಟ್ಟಲೆ ನಿಂತಿತ್ತು."

"ಕಡೀಕ ಏನಾತು?"

"ಬಾಗಲಾ ಗಟ್ಟಿ ಉಳೀತು. ಬಸ್ಸ ಬಿಚ್ಚಿತು."

ನಾನು ಬಿಲ್ಲು ಹೊಡೆದೆ. ಹನ್ನೆರಡು ನಲವತ್ತು.

ಈಗ ನೊರೆ ಬಂತು ನೋಡಿ. ಶೇಡಬಾಳಕ್ಕೆ, ಮತ್ತೆ ಹಾರೂಗೇರಿಗೆ, ಮತ್ತೆ ಶೇಡಬಾಳಕ್ಕೆ, ಬೆರಳಿಟ್ಟು ಅಳೆದರೂ ಒಂದೇ ಎತ್ತರ. "ಹಾಂ, ಈಗ ಬೀಗರಂದ್ರ ಬೀಗರು," ಎಂದಳು ಅಜ್ಜಿ, ಮೂಗಿಗೆ ಹತ್ತಿದ ನೊರೆ ಒರೆಸದೆಯೇ. ಸೋದರಮಾವ ನಕ್ಕ. ವಧು ಸೀರೆಯನ್ನು ಮತ್ತೆ ಎತ್ತಿಕೊಂಡಳು. ಅಂಗಡಿಯಲ್ಲಿ ಅಷ್ಟು ಚಂದದ ಶಾಂತಿ ನೆಲೆಸಿತು.

ಆ ಶಾಂತಿಯೇ ನನ್ನ ಬೆನ್ನಿಗೆ ತಣ್ಣಗೆ ತಾಗಿದ್ದು. ತಿಂಗಳುಗಟ್ಟಲೆ ಕೇಳಿದ್ದ ಸುಂಯ್ ನಿಂತುಹೋಗಿತ್ತು. ಕೌಂಟರಿನ ಮೇಲಿನ ಬಶಿಗಳು ತಾವಾಗಿಯೇ ಕಟಕಟ ಅನ್ನುತ್ತಿದ್ದವು. ಮುಳ್ಳು ಕೆಂಪು ಗೆರೆ ದಾಟಿ, ಇನ್ನು ಹೋಗಲು ಜಾಗವಿಲ್ಲದೆ, ಕಡೆಗೆ ಒರಗಿ ನಿಂತಿತ್ತು. ಕಾಕಾ ಗ್ಯಾಸು ಬಂದ್ ಮಾಡಿದ. ತಂತಿಗೆ ಕೈ ಹಾಕಿದ, ಬೆರಳು ಚುರ್ ಎಂದಿತು. ಗಂಟು ಬಿಚ್ಚಲಿಲ್ಲ. ತಾನೇ ಹಾಕಿದ್ದು, ಬಿಚ್ಚೀತು ಹೇಗೆ?

ಆಗ ಊದಿದ, ಒಂದೇ ಉದ್ದನೆಯ ಪೀಪಿ.

"ಲಾಸ್ಟ್ ಸ್ಟಾಪ್! ಗಂಟು ಗದಡಿ ಬಿಟ್ಟ ಇಳೀರಿ, ಎಲ್ಲಾರೂ ಇಳೀರಿ!"

ಬೆಂಕಿ ಎಂದು ಕೂಗಿದ್ದರೆ ನಮ್ಮ ಜನ ಎಲ್ಲಿ, ಎಷ್ಟು ಎಂದು ನೋಡಲು ಹತ್ತಿರ ಬರುತ್ತಿದ್ದರು. ಕಂಡಕ್ಟರ್ ಇಳಿ ಅಂದರೆ ಮಾತ್ರ ಯಾಕೆ ಎಂದು ಕೇಳುವುದಿಲ್ಲ, ಇಳಿಯುತ್ತಾರೆ. ರಕ್ತದಲ್ಲೇ ಇದೆ. ಬೀಗರು, ಬೀಗಿತ್ತಿಯರು, ಸಾವ್ಕಾರ, ಕೆಲಸದವರು, ಸಾಲಾಗಿ, ನೂಕದೆ, ಮೆಟ್ಟಿಲಿಳಿದು ರಸ್ತೆಗೆ ಬಂದರು. ಸೋದರಮಾವ ಆ ಗಡಿಬಿಡಿಯಲ್ಲೂ "ಹಿಂದಿನ ಬಾಗಲಾನೋ ಮುಂದಿನದೋ?" ಎಂದು ಕೇಳಿದನಂತೆ.

ಅಂತೆ ಎಂದೆ. ಯಾಕೆಂದರೆ ನಾನು ಇಳಿದಿರಲಿಲ್ಲ. ಆವಿಯ ಒತ್ತಡದ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು, ಮೌಸ್ ಹಿಡಿದ ಕೈ ಹಿಡಿದಂತೆಯೇ ಮುಳ್ಳನ್ನು ನೋಡುತ್ತ ನಿಂತಿದ್ದೆ. ಏನಾಗುತ್ತದೆ ಎಂಬುದು ಪೂರ್ತಿ ಗೊತ್ತಿತ್ತು. ಕಾಲಿಗೆ ಅದನ್ನು ಯಾರೂ ತಿಳಿಸಲಿಲ್ಲ.

ಹೊರಗೆ ನಡೆದದ್ದನ್ನು ಆಮೇಲೆ ಅಜ್ಜಿ ಹೇಳಿದಳು. ಕಾಕಾ ರಸ್ತೆಯಲ್ಲಿ ನಿಂತು ಎಲ್ಲರಿಗೂ ಬೆರಳು ಮಾಡಿ ಎಣಿಸಿದ. ಸಾವ್ಕಾರ ರೇಗಿದ: "ಟಿಕೀಟ ತಾಳೆ ಆದ್ವಿಲ್ಲೋ ಮಾರಾಯಾ?"

"ಟಿಕೀಟ ತಾಳೆ ಆದ್ವು. ತಲಿ ಒಂದ ಕಡಿಮಿ."

ಮತ್ತೆ ಒಳಗೆ ಬಂದ. "ಏ ವಿದೌಟ್, ಇಳಿಯಲೇ!" ನನ್ನ ರಟ್ಟೆ ಹಿಡಿದು, ಎತ್ತರಕ್ಕೆ ಒಟ್ಟಿದ್ದ ಧೋತರದ ಥಪ್ಪಿಗಳ ಹಿಂದೆ ಹಾಯಿಸಿ, ಬಾಗಿಲಿಗೆ ನೂಕಿದ. ನನ್ನ ಹಿಂದೆ ಆತ ಇದ್ದ. ಆತನ ಹಿಂದೆ ಆ ಸದ್ದು ಬಂತು.

ಸದ್ದನ್ನು ವರ್ಣಿಸಲಾರೆ. ಈಗಲೂ ದಿನಕ್ಕೆ ಎಷ್ಟೋ ಸಲ ಅದು ಕಿವಿಯೊಳಗೆ ತಾನೇ ಬರುತ್ತದೆ. ಛಾವಣಿಯ ಹಲಗೆಗಳು ಬಿದ್ದವು, ಬಾಯ್ಲರಿನ ಮುಚ್ಚಳ ನಾನು ನಿಂತಿದ್ದ ಜಾಗವನ್ನು ಹಾದು ಕಂಪ್ಯೂಟರಿನ ಸಮೇತ ಗೋಡೆಗೆ ಹೋಗಿ ಕೂತಿತ್ತು. ಪೈಠಣಿ ಉಟ್ಟ ಬೊಂಬೆಯ ಮೂಗಿನ ತುದಿಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಕಾಕಾನ ಬಲತೋಳು ಮೊಣಕೈವರೆಗೆ ಬೆಂದಿತ್ತು. ಬೇರೆ ಯಾರಿಗೂ ಒಂದು ಗೀರೂ ಇಲ್ಲ. ಬೀಗರೆಲ್ಲ ಎದುರಿನ ಗಾಡಿಯಲ್ಲಿ ಒಂದೇ ಕೆಟಲಿನ ಚಹಾ ಕುಡಿದರು. ಯಾರ ಬಶಿಯಲ್ಲೂ ನೊರೆ ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ಆಮೇಲೆ ರಾತ್ರಿ ನನಗೆ ನಿದ್ದೆಯೇ ಬರದಾಯಿತು. ಕುಕ್ಕರಿನ ಸೀಟಿಗೆ ಹೆದರುತ್ತೇನೆಂದು ಅವ್ವ ಬೇಳೆಯನ್ನು ಬೋಗುಣಿಯಲ್ಲಿ ಬೇಯಿಸತೊಡಗಿದಳು. ಆದರೆ ನನಗೆ ಹೆದರಿಕೆ ಸದ್ದಿನದಲ್ಲ, ಸದ್ದು ನಿಂತದ್ದರದು. ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಎದ್ದು ಕೂತುಬಿಡುತ್ತಿದ್ದೆ.

ಕಾಕಾನಿಗೂ ನಿದ್ದೆ ಇಲ್ಲ ಎಂದು ಕಾಕು ಹೇಳಿದಳು. ಸರ್ವೀಸಿನಲ್ಲಿ ಒಂದೂ ಅಪಘಾತ ಕಾಣದವನು. ಪೀಪಿ ತೆಗೆದು ದೇವರ ಫೋಟೋದ ಹಿಂದೆ ಇಟ್ಟಿದ್ದ. ಅಂಗಡಿ ದುರಸ್ತಿಯಾದ ಮೇಲೆ ಶೇಡಬಾಳದ ಅಜ್ಜಿ ಹಾರೂಗೇರಿಯವರನ್ನೂ ಕರಕೊಂಡು ಬಂದು, "ಆ ಕಂಡಕ್ಟರ್ ಇರಲಾರದ ಅಂಗಡ್ಯಾಗ ನಾವ ಬಸ್ತಾ ಮಾಡಂಗಿಲ್ಲ" ಎಂದು ಚಾಪೆಯ ಮೇಲೆ ಕೂತಳು. ಸಾವ್ಕಾರ ಸೋತ. ಬಾಯ್ಲರ್ ಬೇಡ, ಗ್ಯಾಸಿನ ಒಲೆ ಮತ್ತು ಒಂದು ಪಾತೇಲಿ, ಬರ್ರಿ ಎಂದು ಹೇಳಿ ಕಳಿಸಿದ. ಕಾಕಾ ಒಪ್ಪಲಿಲ್ಲ. "ಗಾಡಿ ಹಾಳ ಮಾಡಿದವನ ಕೈಯಾಗ ಮತ್ತ ಗಾಡಿ ಕೊಡಬಾರದ್ರಿ."

ಒಂದು ಶನಿವಾರ ಸಂಜೆ ನಮ್ಮ ಮನೆಗೆ ಬಂದ, ಕೈಗೆ ಪಟ್ಟಿ. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದ. ಊಟವಾದ ಮೇಲೆ ಮನೆಗೆ ಹೋಗಿ ತಿರುಗಿ ಬಂದ. ಕೊರಳಲ್ಲಿ ಪೀಪಿ ಇತ್ತು. ನನ್ನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು ಕೂತ.

"ಕಾಕಾ, ನನ್ನ ಕಡೆ ಟಿಕೀಟ ಇಲ್ಲ," ಎಂದೆ.

"ವಿದೌಟನ್ನೂ ಎಣಸ್ತೀನವಾ ನಾ," ಎಂದ. ಭುಜ ತಟ್ಟಿದ. "ಮಲಕೋ. ಕುಡಚಿ ಬಂದ್ರ ಎಬ್ಬಸ್ತೀನಿ."

ಕಣ್ಣು ಬಿಟ್ಟಾಗ ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಕರೆಂಟು ಯಾವಾಗಲೋ ಹೋಗಿ ಫ್ಯಾನು ನಿಂತಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಕಾಕಾ ಕುರ್ಚಿಯಲ್ಲೇ ತಲೆ ಒಂದು ಕಡೆ ಚೆಲ್ಲಿ ನಿದ್ದೆ ಹೋಗಿದ್ದ. ಪೀಪಿ ತುಟಿಯಲ್ಲೇ ಉಳಿದಿತ್ತು. ಉಸಿರು ಬಿಟ್ಟಾಗೊಮ್ಮೆ ಅದು ಸಣ್ಣಗೆ ಸುಂಯ್, ಸುಂಯ್ ಎಂದು ಸೋರುತ್ತಿತ್ತು.

ಕುಡಚಿ ಎಂದೋ ದಾಟಿ ಹೋಗಿತ್ತು. ನಾನು ಆತನನ್ನು ಎಬ್ಬಿಸಲಿಲ್ಲ.